ಪಾಲು ಮಾಡುವ ಗಣಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಇರುವುದು ಕಡಿಮೆ, ಬೇಕಾದವರು ಜಾಸ್ತಿ. ಆಗ ಯಾರಿಗೆ ಎಷ್ಟು? ಯಾರಿಗೆ ಮೊದಲು? ಹತ್ತು ಜನ ಹತ್ತು ಮಾತು ಹೇಳುವಾಗ ಒಂದು ತೀರ್ಮಾನಕ್ಕೆ ಬರುವುದು ಹೇಗೆ? ನಾನು ಕೆಲಸ ಮಾಡುವುದು ಈ ಪ್ರಶ್ನೆಗಳ ಮೇಲೆ. ನೆಂಟರು, ವಿದ್ಯಾರ್ಥಿಗಳು, ಬಸ್ಸಿನಲ್ಲಿ ಪಕ್ಕ ಕೂತವರು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಇದರಲ್ಲಿ ಸಂಶೋಧನೆ ಮಾಡೋಕೆ ಏನಿದೆ? ಸಮನಾಗಿ ಹಂಚಿದರೆ ಆಯ್ತಲ್ವಾ?

ಯಾವುದರಲ್ಲಿ ಸಮ ಅನ್ನುವಲ್ಲೇ ತಕರಾರು ಶುರುವಾಗುವುದು. ಅಣ್ಣ ತಮ್ಮಂದಿರಿಗೆ ಎರಡೆಕರೆ ಜಮೀನಿದೆ ಅನ್ನಿ. ಒಂದೆಕರೆಯಲ್ಲಿ ಬಾವಿ ಇದೆ, ಇನ್ನೊಂದು ರಸ್ತೆಗೆ ತಾಗಿದೆ. ತಮ್ಮ ಬೇಸಾಯ ಮಾಡುವವನು, ಅವನಿಗೆ ಬಾವಿ ಬೇಕು. ಅಣ್ಣನಿಗೆ ಅಂಗಡಿ ಇಡುವ ಆಸೆ, ಅವನಿಗೆ ರಸ್ತೆ ಬೇಕು. ಒಂದೊಂದು ಎಕರೆಯನ್ನೂ ಗೆರೆ ಎಳೆದು ಅರ್ಧರ್ಧ ಮಾಡಿದರೆ ಸರ್ವೆ ಲೆಕ್ಕ ಸರಿಯಾಗುತ್ತದೆ. ಆದರೆ ಇಬ್ಬರಿಗೂ ನಷ್ಟ. ಬಾವಿಯ ಎಕರೆ ತಮ್ಮನಿಗೆ, ರಸ್ತೆಯ ಎಕರೆ ಅಣ್ಣನಿಗೆ ಅಂದಿದ್ದರೆ ಇಬ್ಬರೂ ತಮ್ಮದೇ ದೊಡ್ಡ ಪಾಲು ಅಂದುಕೊಳ್ಳುತ್ತಿದ್ದರು.

ನಮ್ಮ ಕೆಲಸ ಇಷ್ಟೇ. ಒಂದು ಮಾತನ್ನು ಮೊದಲು ಸ್ಪಷ್ಟವಾಗಿ ಬರೆಯುತ್ತೇವೆ: ಈ ಹಂಚಿಕೆಯಲ್ಲಿ ಯಾರಿಗೂ ಇಂಥ ಅನ್ಯಾಯ ಆಗಬಾರದು ಅಂತ. ಆಮೇಲೆ ಆ ಮಾತನ್ನು ಉಳಿಸಿಕೊಳ್ಳುವ ಹಂತಹಂತದ ವಿಧಾನ ಹುಡುಕುತ್ತೇವೆ. ಅದೇ ಅಲ್ಗಾರಿದಮ್. ಕೆಲವು ಸಲ ಅಂಥ ವಿಧಾನ ಇರೋಕೆ ಸಾಧ್ಯವೇ ಇಲ್ಲ ಎಂದು ಸಾಬೀತಾಗುತ್ತದೆ. ಅದೂ ಒಂದು ಉತ್ತರವೇ.

ನ್ಯಾಯವನ್ನು ಗಣಿತದಲ್ಲಿ ಬರೆಯೋದು ಹೇಗೆ?

ಹಲವು ರೀತಿ ಇದೆ, ಎರಡು ಹೇಳುತ್ತೇನೆ. ಮೊದಲನೆಯದು: ನಾಲ್ವರಿದ್ದರೆ ಪ್ರತಿಯೊಬ್ಬರಿಗೂ ತಮ್ಮ ಕಣ್ಣಲ್ಲಿ ಕಾಲು ಭಾಗವಾದರೂ ಸಿಗಬೇಕು. ಎರಡನೆಯದು: ಯಾರಿಗೂ ಇನ್ನೊಬ್ಬರ ಪಾಲು ನೋಡಿ ಹೊಟ್ಟೆಕಿಚ್ಚು ಆಗಬಾರದು. "ನನ್ನ ಪಾಲನ್ನು ಅವನದರ ಜೊತೆ ಬದಲಾಯಿಸಿಕೊಳ್ಳುತ್ತೇನೆ" ಅನ್ನುವ ಮನಸ್ಸು ಯಾರಿಗೂ ಬರಬಾರದು. ಎರಡನೆಯದು ಜಾಸ್ತಿ ಕಷ್ಟ.

ಇಬ್ಬರಿಗೆ ಒಂದು ಹೋಳಿಗೆ ಇದ್ದರೆ ಏನು ಮಾಡಬೇಕೆಂದು ಮಕ್ಕಳಿಗೂ ಗೊತ್ತು. ಒಬ್ಬ ಮುರಿಯಬೇಕು, ಇನ್ನೊಬ್ಬ ಆರಿಸಬೇಕು. ಮೂವರಾದರೆ? ಪೋಲೆಂಡಿನ ಗಣಿತಜ್ಞ ಹ್ಯೂಗೋ ಸ್ಟೈನ್‌ಹಾಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಪ್ರಶ್ನೆ ಎತ್ತಿಕೊಂಡರು. ಎಷ್ಟೇ ಜನರಿದ್ದರೂ ಎಲ್ಲರಿಗೂ ತಕ್ಕ ಭಾಗ ಸಿಗುವ ಉಪಾಯವನ್ನು ಬನಾಖ್ ಮತ್ತು ಕ್ನಾಸ್ಟರ್ ಕಂಡುಹಿಡಿದರು. ಹೊಟ್ಟೆಕಿಚ್ಚಿಲ್ಲದ ಹಂಚಿಕೆ ಮಾತ್ರ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಮೂವರಿಗೆ 1960ರ ಆಸುಪಾಸಿನಲ್ಲಿ ಸಿಕ್ಕಿತು. ಎಷ್ಟೇ ಜನರಿದ್ದರೂ ಇಷ್ಟು ಹಂತದೊಳಗೆ ಮುಗಿಯುತ್ತದೆ ಎಂದು ಖಾತ್ರಿ ಕೊಡುವ ವಿಧಾನ ಸಿಗೋಕೆ 2016 ಬರಬೇಕಾಯಿತು. ಹಾರಿಸ್ ಅಜೀಜ್ ಮತ್ತು ಸೈಮನ್ ಮೆಕೆಂಜಿ ಅದನ್ನು ಕೊಟ್ಟರು. ಆ ಹಂತಗಳ ಲೆಕ್ಕ ಎಷ್ಟು ದೊಡ್ಡದೆಂದರೆ ಯಾವ ಹಬ್ಬದ ಮನೆಯಲ್ಲೂ ಅದನ್ನು ನಡೆಸೋಕಾಗುವುದಿಲ್ಲ. ಆದರೂ "ಸಾಧ್ಯ" ಎಂದು ಗೊತ್ತಾಗಿದ್ದು ನನಗೆ ದೊಡ್ಡ ಸಂಗತಿ.

ಹೋಳಿಗೆ ಮುರಿಯಬಹುದು. ಅಜ್ಜಿಯ ಸರ ಮುರಿಯೋಕಾಗಲ್ಲ. ಆಗ?

ನಮ್ಮ ಅಜ್ಜಿ ತೀರಿಕೊಂಡಾಗ ಆದದ್ದನ್ನೇ ಹೇಳುತ್ತೇನೆ. ನಡುಮನೆಯಲ್ಲಿ ಚಾಪೆ ಹಾಸಿ ಸಾಮಾನು ಜೋಡಿಸಿದ್ದರು. ಒಂದು ಅವಲಕ್ಕಿ ಸರ, ಎರಡು ಇಳಕಲ್ ಸೀರೆ, ಬೆಳ್ಳಿ ದೀಪ, ಹಿತ್ತಾಳೆ ಕೊಳಗ, ಹಳೆಯ ಹಾರ್ಮೋನಿಯಂ. ಮೂವರು ಹೆಣ್ಣುಮಕ್ಕಳು. ಅವರು ಚೀಟಿ ಎತ್ತಿ ಸರದಿ ಗೊತ್ತು ಮಾಡಿಕೊಂಡರು. ಒಂದೊಂದು ಸುತ್ತಿಗೆ ಒಬ್ಬೊಬ್ಬರು ಒಂದೊಂದು ವಸ್ತು ಎತ್ತಿಕೊಂಡರು. ದೊಡ್ಡತ್ತೆ ಮೊದಲು ಸರ ತೆಗೆದುಕೊಂಡರು. ಕೊನೆಯ ಸರದಿಯ ಚಿಕ್ಕತ್ತೆ ಹಾರ್ಮೋನಿಯಂ ಮೇಲೆ ಕೈಯಿಟ್ಟು ಅತ್ತುಬಿಟ್ಟರು. ಅವರಿಗೆ ಅದೇ ಬೇಕಿತ್ತು, ಉಳಿದವರಿಗೆ ಅದರ ಆಸೆ ಇರಲಿಲ್ಲ.

ಹೀಗೆ ಸರದಿಯಲ್ಲಿ ಆರಿಸುವುದಕ್ಕೆ ಒಂದು ಒಳ್ಳೆಯ ಗುಣವಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಎರಡನೆಯವಳಿಗೆ ಮೊದಲನೆಯವಳ ಪಾಲು ನೋಡಿ ಹೊಟ್ಟೆಕಿಚ್ಚಾಗಬಹುದು. ಆದರೆ ಆ ಪಾಲಿನಿಂದ ಮೊದಲು ಎತ್ತಿದ ಒಂದೇ ಒಂದು ವಸ್ತುವನ್ನು ಬದಿಗಿಟ್ಟು ನೋಡಲಿ. ಉಳಿದದ್ದರಲ್ಲಿ ಪ್ರತಿ ಸಲವೂ ಇವಳೇ ಮುಂಚೆ ಆರಿಸಿದ್ದಾಳೆ. ಆದ್ದರಿಂದ ಕಿಚ್ಚು ಇಳಿದುಹೋಗುತ್ತದೆ. ಅಂದರೆ ಅಸೂಯೆ ಒಂದು ವಸ್ತುವಿನ ಮಟ್ಟವನ್ನು ದಾಟುವುದಿಲ್ಲ. ವಸ್ತುಗಳನ್ನು ಒಡೆಯೋಕಾಗದಾಗ ಇಷ್ಟು ಸಿಕ್ಕರೂ ಬಹಳ.

ಇನ್ನೊಂದು ದಾರಿಯೂ ಇದೆ. ಒಬ್ಬೊಬ್ಬರ ತೃಪ್ತಿಗೂ ಅಂಕ ಕೊಟ್ಟು, ಅವನ್ನು ಕೂಡುವ ಬದಲು ಗುಣಿಸುವುದು. ಒಬ್ಬರಿಗೆ 9, ಇನ್ನೊಬ್ಬರಿಗೆ 1 ಆದರೆ ಕೂಡಿದಾಗ 10, ಗುಣಿಸಿದಾಗ 9. ಇಬ್ಬರಿಗೂ 5 ಆದರೆ ಕೂಡಿದಾಗ ಅದೇ 10, ಗುಣಿಸಿದಾಗ 25. ಗುಣಾಕಾರ ಯಾರನ್ನೂ ಬರಿಗೈಯಲ್ಲಿ ಕಳಿಸೋಕೆ ಒಪ್ಪುವುದಿಲ್ಲ. ಈ ಗುಣಲಬ್ಧವನ್ನು ಗರಿಷ್ಠ ಮಾಡಿದರೆ ಅಸೂಯೆ ಒಂದು ವಸ್ತುವಿನ ಮಟ್ಟದಲ್ಲಿ ನಿಲ್ಲುತ್ತದೆ, ಜೊತೆಗೆ ಏನೂ ಪೋಲಾಗುವುದಿಲ್ಲ ಎಂದು 2016ರಲ್ಲಿ ತೋರಿಸಿದರು. ಆದರೆ ಆ ಲೆಕ್ಕ ಮಾಡೋಕೆ ಕಂಪ್ಯೂಟರಿಗೂ ಕಷ್ಟ. ಅದೇ ಎರಡು ಗುಣ ಇರುವ ಹಂಚಿಕೆಯನ್ನು ಬೇರೆ, ವೇಗದ ದಾರಿಯಲ್ಲಿ ಹುಡುಕುವುದನ್ನು 2018ರಲ್ಲಿ ತೋರಿಸಿದವರು ಸಿದ್ಧಾರ್ಥ್ ಬರ್ಮನ್, ಸನತ್ ಕುಮಾರ್ ಕೃಷ್ಣಮೂರ್ತಿ ಮತ್ತು ರೋಹಿತ್ ವೈಶ್. ಆ ಕೆಲಸಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಂಟಿದೆ ಎಂದು ಹೇಳುವಾಗ ನನಗೆ ಖುಷಿಯಾಗುತ್ತದೆ.

ಮಗಳು ಸಿಇಟಿ ಆಪ್ಷನ್ ಎಂಟ್ರಿ ಮಾಡುತ್ತಿದ್ದಾಳೆ. ಸಿಗೋದು ಅನುಮಾನ ಅನ್ನೋ ಕಾಲೇಜನ್ನು ಮೊದಲು ಹಾಕಿದರೆ ಉಳಿದದ್ದೂ ಕೈತಪ್ಪುತ್ತಾ?

ಇಲ್ಲ. ಪ್ರತಿ ವರ್ಷ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯ ತಿರುಳು ಸರಳ. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಸರದಿ ಬರುತ್ತದೆ. ಸರದಿ ಬಂದವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ಅವರಿಗೆ ಅರ್ಹತೆ ಇರುವ, ಇನ್ನೂ ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತಾರೆ. ನಿಮ್ಮ ಮಗಳ ಸರದಿ ಯಾವಾಗ ಅನ್ನುವುದು ಅವಳ ರ‍್ಯಾಂಕಿನ ಮೇಲೆ ನಿಂತಿದೆ, ಅವಳು ಬರೆದ ಪಟ್ಟಿಯ ಮೇಲಲ್ಲ. ಮೊದಲ ಐದು ಆಪ್ಷನ್ ತುಂಬಿಹೋಗಿದ್ದರೆ ಆ ಕ್ಷಣದಲ್ಲೇ ಆರನೆಯದನ್ನು ನೋಡುತ್ತಾರೆ. ಅಷ್ಟರೊಳಗೆ ಹಿಂದಿನ ರ‍್ಯಾಂಕಿನವರು ಯಾರೂ ಅವಳನ್ನು ದಾಟಿ ಮುಂದೆ ಹೋಗುವುದಿಲ್ಲ. ಆದ್ದರಿಂದ ಮನಸ್ಸಿಗೆ ಬೇಕಾದ ಕ್ರಮದಲ್ಲೇ ಬರೆಯಲಿ.

ಕೆಲವು ವರ್ಷದ ಹಿಂದೆ ಪಕ್ಕದ ಮನೆಯ ಹುಡುಗ ಇದನ್ನು ನಂಬಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ ಹಾಳೆ, ಅದರ ತುಂಬ ಕಾಲೇಜು ಕೋಡುಗಳು, ಪಕ್ಕದಲ್ಲಿ ಹಿಂದಿನ ವರ್ಷದ ಕಟಾಫ್ ಪ್ರಿಂಟ್. "ಅದು ಸಿಗಲ್ಲ, ಸುಮ್ನೆ ಮೊದಲ ಆಪ್ಷನ್ ಯಾಕೆ ವೇಸ್ಟ್ ಮಾಡ್ತೀಯ" ಎಂದು ಯಾರೋ ಹೇಳಿದ್ದರಂತೆ. ತನಗೆ ಅತಿ ಇಷ್ಟವಾದ ಕಾಲೇಜನ್ನು ಒಂಬತ್ತನೇ ಜಾಗಕ್ಕೆ ಇಳಿಸಿದ. ಒಂದನೇ ಆಪ್ಷನ್ನೇ ಸಿಕ್ಕಿತು. ಕಟಾಫ್ ಹೊರಬಿದ್ದಾಗ ನೋಡಿದರೆ, ಅವನ ರ‍್ಯಾಂಕಿಗೆ ಆ ಒಂಬತ್ತನೆಯದು ಸಿಗುತ್ತಿತ್ತು. ಅವನ ಮುಖ ನನಗೆ ಇನ್ನೂ ನೆನಪಿದೆ. ತಪ್ಪು ಹುಡುಗನದಲ್ಲ. ನಿಯಮ ಹೇಗೆ ಕೆಲಸ ಮಾಡುತ್ತದೆಂದು ಅವನಿಗೆ ಯಾರೂ ಕೂತು ಹೇಳಿರಲಿಲ್ಲ.

ಈ ಭಯ ಎಲ್ಲ ಕಡೆಯೂ ಸುಳ್ಳಲ್ಲ. ಅಮೆರಿಕದ ಬೋಸ್ಟನ್ ಶಾಲೆಗಳಲ್ಲಿ ಮೊದಲು ಬೇರೆ ಪದ್ಧತಿ ಇತ್ತು. ಶಾಲೆಯನ್ನು ಒಂದನೇ ಆಯ್ಕೆಯಾಗಿ ಬರೆದವರಿಗೆ ಮೊದಲು ಸೀಟು, ಉಳಿದರೆ ಎರಡನೇ ಆಯ್ಕೆಯವರಿಗೆ. ಅಲ್ಲಿ ನಿಜ ಬರೆದ ಅಪ್ಪ ಅಮ್ಮ ಸೋಲುತ್ತಿದ್ದರು. ಲೆಕ್ಕ ಹಾಕಿ ಬರೆದವರು ಗೆಲ್ಲುತ್ತಿದ್ದರು. 2005ರಲ್ಲಿ ಅದನ್ನು ಕೈಬಿಟ್ಟರು. ಅದರ ಬದಲು ತಂದದ್ದು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲೇ ಬರೆದಿದ್ದ ವಿಧಾನ. ಎಲ್ಲರೂ ತಮ್ಮ ಮೊದಲ ಆಯ್ಕೆಗೆ ಅರ್ಜಿ ಹಾಕುತ್ತಾರೆ. ಸಂಸ್ಥೆ ತನ್ನ ಸಾಲಿನಲ್ಲಿ ಮುಂದಿರುವವರನ್ನು ಸದ್ಯಕ್ಕೆ ಹಿಡಿದಿಟ್ಟುಕೊಳ್ಳುತ್ತದೆ. ಹೊರಬಿದ್ದವರು ತಮ್ಮ ಮುಂದಿನ ಆಯ್ಕೆಗೆ ಹೋಗುತ್ತಾರೆ. ಅಲ್ಲಿ ಈಗಾಗಲೇ ಹಿಡಿದಿಟ್ಟವರಿಗಿಂತ ಇವರು ಮುಂದಿದ್ದರೆ ಅವರು ಏಳಬೇಕು. ಕೊನೆಯವರೆಗೂ ಯಾವ ಸೀಟೂ ಖಾಯಂ ಅಲ್ಲ. ಹೀಗಾಗಿ ತಡವಾಗಿ ಬಂದದ್ದಕ್ಕೆ ಯಾರಿಗೂ ಶಿಕ್ಷೆ ಇಲ್ಲ. ಶಾಪ್ಲಿ ಮತ್ತು ಇಂಥ ವಿಧಾನಗಳನ್ನು ಬಳಕೆಗೆ ತಂದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ನೊಬೆಲ್ ಬಂತು.

2015ರಿಂದ ಐಐಟಿ ಮತ್ತು ಎನ್‌ಐಟಿ ಸೀಟುಗಳನ್ನು ಒಂದೇ ಕಡೆ ಹಂಚುತ್ತಿದ್ದಾರೆ. ಅಲ್ಲಿ ಒಂದೇ ಸಾಲಿಲ್ಲ. ಐಐಟಿಗೆ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್, ಎನ್‌ಐಟಿಗೆ ಜೆಇಇ ಮೇನ್ ರ‍್ಯಾಂಕ್. ಒಬ್ಬರಿಗೇ ಎರಡು ಜಾಗದಲ್ಲಿ ಎರಡು ಸರದಿ. ಆದ್ದರಿಂದ ಸರಳ ಸರದಿ ಸಾಲದು, ಗೇಲ್ ಮತ್ತು ಶಾಪ್ಲಿ ದಾರಿಯೇ ಬೇಕು. ಮೊದಲೆಲ್ಲ ಒಬ್ಬರೇ ಎರಡು ಕಡೆ ಸೀಟು ಹಿಡಿದು, ಕೊನೆಗೆ ಒಂದು ಬಿಟ್ಟು, ಅದು ಖಾಲಿ ಬೀಳುತ್ತಿತ್ತು. ಎರಡನ್ನೂ ಕೂಡಿಸಿದ್ದರ ಒಂದು ಉದ್ದೇಶ ಅದನ್ನು ತಪ್ಪಿಸುವುದು.

ಮೀಸಲಾತಿ ಸೇರಿಕೊಂಡರೆ ಲೆಕ್ಕ ಕೆಡೋಲ್ವಾ?

ಕೆಡುವುದಿಲ್ಲ, ಆದರೆ ನಿಯಮವನ್ನು ಅರೆಬರೆ ಬರೆದರೆ ಜನಕ್ಕೆ ಅನ್ಯಾಯವಾಗುತ್ತದೆ. ನಮ್ಮಲ್ಲಿ ಎರಡು ಬಗೆಯ ಮೀಸಲಾತಿ ಇದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳದ್ದು ಉದ್ದಸಾಲು. ಮಹಿಳೆಯರದು, ಅಂಗವಿಕಲರದು ಅಡ್ಡಸಾಲು, ಅದು ಪ್ರತಿ ಉದ್ದಸಾಲನ್ನೂ ಹಾದುಹೋಗುತ್ತದೆ. ಸಾಮಾನ್ಯ ಸಾಲಿನ ಮಹಿಳಾ ಹುದ್ದೆಗೆ ಹಿಂದುಳಿದ ವರ್ಗದ ಹೆಣ್ಣುಮಗಳು ಬರಬಹುದಾ? ಸಾಮಾನ್ಯ ಸಾಲು ಎಂದರೆ ಎಲ್ಲರಿಗೂ ತೆರೆದ ಸಾಲು, ಹಾಗಾಗಿ ಬರಲೇಬೇಕು ಅನ್ನುವುದು ಸಹಜ ಬುದ್ಧಿ. ಆದರೆ ಉತ್ತರ ಪ್ರದೇಶದ ಪೊಲೀಸ್ ನೇಮಕಾತಿಯಲ್ಲಿ ಹಾಗಾಗಲಿಲ್ಲ. ಹಿಂದುಳಿದ ವರ್ಗದ ಮಹಿಳೆಗೆ ಅಂಕ ಜಾಸ್ತಿ ಇದ್ದರೂ ಕೆಲಸ ಸಿಗಲಿಲ್ಲ, ಅವರಿಗಿಂತ ಕಡಿಮೆ ಅಂಕದ ಸಾಮಾನ್ಯ ವರ್ಗದ ಮಹಿಳೆಗೆ ಸಿಕ್ಕಿತು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದು ತಪ್ಪು ಎಂದು ಹೇಳಿತು. ಅರ್ಥಶಾಸ್ತ್ರಜ್ಞರಾದ ತೈಫುನ್ ಸೊನ್ಮೆಜ್ ಮತ್ತು ಬುಮಿನ್ ಯೆನ್ಮೆಜ್ ಇದೇ ದೋಷದ ಮೇಲೆ ಕೆಲಸ ಮಾಡಿ, ಸರಿಯಾದ ವಿಧಾನ ಹೇಗಿರಬೇಕೆಂದು ಬರೆದಿದ್ದಾರೆ. ಯಾರಿಗೆ ಎಷ್ಟು ಮೀಸಲು ಅನ್ನುವುದನ್ನು ಸಮಾಜ ತೀರ್ಮಾನಿಸಬೇಕು. ತೀರ್ಮಾನಿಸಿದ್ದನ್ನು ಲೋಪವಿಲ್ಲದೆ ನಡೆಸಿಕೊಡುವಲ್ಲಿ ಗಣಿತ ಸಹಾಯಕ್ಕೆ ಬರುತ್ತದೆ.

ಇಷ್ಟೆಲ್ಲ ಯಾಕೆ? ಚೀಟಿ ಎತ್ತಿದರೆ ಮುಗೀತಲ್ಲ?

ಎಲ್ಲರ ಹಕ್ಕೂ ನಿಜಕ್ಕೂ ಸಮ ಇರುವಾಗ ಚೀಟಿ ಒಳ್ಳೆಯದೇ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳರ ಕಾಲದ, 920ರ ಸುಮಾರಿನ ಶಾಸನ ಇದೆ. ಅರ್ಹರ ಹೆಸರನ್ನು ಓಲೆಯಲ್ಲಿ ಬರೆದು ಕೊಡದಲ್ಲಿ ಹಾಕಿ, ಚಿಕ್ಕ ಹುಡುಗನ ಕೈಯಲ್ಲಿ ಎತ್ತಿಸುವ ಕ್ರಮ ಅದರಲ್ಲಿ ಕೊರೆದಿದೆ. ಯಾರು ಅರ್ಹರು ಅನ್ನುವುದನ್ನು ಮೊದಲೇ ಗೊತ್ತು ಮಾಡಿದ್ದರು. ಅದೇ ಮುಖ್ಯ. ಆದರೆ ವಸ್ತುಗಳನ್ನೇ ಚೀಟಿಯಲ್ಲಿ ಬರೆದು ಹಂಚಿದರೆ ಹಾರ್ಮೋನಿಯಂ ದೊಡ್ಡತ್ತೆಗೆ ಹೋಗಿಬಿಡಬಹುದಿತ್ತು. ಸರದಿಗೆ ಚೀಟಿ ಎತ್ತಿ, ವಸ್ತುವನ್ನು ಅವರವರೇ ಆರಿಸಲಿ.

ಹರಾಜು ಹಾಕಬಹುದಲ್ಲ? ಜಾಸ್ತಿ ಬೇಕಾದವರು ಜಾಸ್ತಿ ಕೊಡ್ತಾರೆ.

ದುಡ್ಡಿರುವವರು ಜಾಸ್ತಿ ಕೊಡುತ್ತಾರೆ, ಬೇಕಾದವರಲ್ಲ. ಕಿಡ್ನಿಯನ್ನು ಮಾರುವುದು ನಮ್ಮಲ್ಲಿ ಅಪರಾಧ, ಹಾಗೇ ಇರಬೇಕು. ಆದರೆ ಅದಲುಬದಲು ಮಾಡಬಹುದು. ಹೆಂಡತಿಗೆ ಗಂಡನ ಕಿಡ್ನಿ ಹೊಂದುವುದಿಲ್ಲ, ಇನ್ನೊಂದು ಮನೆಯಲ್ಲೂ ಅದೇ ಕಷ್ಟ, ಆದರೆ ಅವರದು ಇವರಿಗೆ, ಇವರದು ಅವರಿಗೆ ಹೊಂದುತ್ತದೆ. 2011ರ ತಿದ್ದುಪಡಿಯಿಂದ ನಮ್ಮ ಕಾನೂನು ಇದಕ್ಕೆ ದಾರಿ ಮಾಡಿತು. ನೂರಾರು ಜೋಡಿಗಳಲ್ಲಿ ಯಾರನ್ನು ಯಾರಿಗೆ ಕೂಡಿಸಿದರೆ ಅತಿ ಹೆಚ್ಚು ಜೀವ ಉಳಿಯುತ್ತದೆ? ಇದು ಅಲ್ಗಾರಿದಮ್ಮಿನ ಕೆಲಸ.

ಅಮೆರಿಕದ ಫೀಡಿಂಗ್ ಅಮೆರಿಕ ಸಂಸ್ಥೆ 2005ರಲ್ಲಿ ಮಾಡಿದ್ದೂ ನನಗೆ ಇಷ್ಟ. ದಾನ ಬಂದ ಆಹಾರವನ್ನು ಊರೂರಿನ ಆಹಾರ ಕೇಂದ್ರಗಳಿಗೆ ಸರದಿ ಪ್ರಕಾರ ಕಳಿಸುತ್ತಿದ್ದರು. ಆಲೂಗಡ್ಡೆ ಬೆಳೆಯುವ ಕಡೆಗೂ ಆಲೂಗಡ್ಡೆ ಹೋಗಬಹುದಿತ್ತು. ಆಮೇಲೆ ಪ್ರತಿ ಕೇಂದ್ರಕ್ಕೂ ಅಲ್ಲಿನ ಬಡತನ ನೋಡಿ ಬರೀ ಲೆಕ್ಕದ ಹಣ ಕೊಟ್ಟರು. ಅದರಲ್ಲಿ ಹರಾಜು ಕೂಗಬಹುದು, ಬೇರೇನೂ ಕೊಳ್ಳೋಕಾಗುವುದಿಲ್ಲ. ಹರಾಜಿನ ಒಳ್ಳೆಯ ಗುಣ ಉಳಿಯಿತು, ಶ್ರೀಮಂತರ ಕೈಮೇಲಾಗುವುದು ತಪ್ಪಿತು.

ಕಾವೇರಿ ನೀರನ್ನು ಅಲ್ಗಾರಿದಮ್ ಹಂಚಬಹುದಾ?

ಹಂಚಬಾರದು. ಆದರೆ ಜಗಳ ಎಲ್ಲಿದೆ ಎಂದು ತೋರಿಸಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ 740 ಟಿಎಂಸಿ ಅಡಿ ಲೆಕ್ಕದಲ್ಲಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹೇಳಿತು. ಇದು ಮಳೆ ಸರಿಯಾದ ವರ್ಷದ ಮಾತು. ಬೀದಿಗೆ ಇಳಿಯುವುದು ಮಳೆ ಕೈಕೊಟ್ಟ ವರ್ಷ. ಕೊರತೆಯನ್ನು ಹಂಚುವುದು ಹೇಗೆ?

ಇದು ಹಳೆಯ ಪ್ರಶ್ನೆ. ಯಹೂದಿಗಳ ಹಳೆಯ ಧರ್ಮಗ್ರಂಥ ಟಾಲ್ಮುಡ್‌ನಲ್ಲಿ ಒಂದು ಲೆಕ್ಕವಿದೆ. ಸತ್ತವನ ಆಸ್ತಿಯ ಮೇಲೆ ಮೂವರಿಗೆ 100, 200, 300ರ ಹಕ್ಕು. ಆಸ್ತಿ 100 ಇದ್ದರೆ ಮೂವರಿಗೂ ಸಮ. 300 ಇದ್ದರೆ 50, 100, 150. 200 ಇದ್ದರೆ 50, 75, 75. ಈ ಮೂರನೆಯದು ಯಾವ ನಿಯಮದಿಂದ ಬಂತೆಂದು ಶತಮಾನಗಳ ಕಾಲ ಪಂಡಿತರು ತಲೆಕೆಡಿಸಿಕೊಂಡರು. 1985ರಲ್ಲಿ ರಾಬರ್ಟ್ ಔಮನ್ ಮತ್ತು ಮೈಕಲ್ ಮಾಷ್ಲರ್ ಬಿಡಿಸಿದರು. ಆಸ್ತಿ ಒಟ್ಟು ಹಕ್ಕಿನ ಅರ್ಧಕ್ಕಿಂತ ಕಡಿಮೆ ಇದ್ದರೆ ಸಮನಾಗಿ ಹಂಚುತ್ತಾ ಹೋಗಿ, ಆದರೆ ಯಾರಿಗೂ ಅವರ ಹಕ್ಕಿನ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. 100ರವನು 50ಕ್ಕೆ ನಿಂತ, ಉಳಿದ 150 ಇಬ್ಬರಿಗೆ ಸಮ. ಹಕ್ಕಿನ ಪ್ರಮಾಣದಲ್ಲಿ ಹಂಚಿದ್ದರೆ ಅವನಿಗೆ 33 ಮಾತ್ರ ಬರುತ್ತಿತ್ತು. ಎರಡೂ ನ್ಯಾಯವೇ, ಆದರೆ ಚಿಕ್ಕ ಹಕ್ಕಿನವನಿಗೆ ಎರಡೂ ಒಂದೇ ಅಲ್ಲ. ಯಾವುದು ನಮ್ಮ ನ್ಯಾಯ ಎಂದು ಮಳೆಗಾಲ ಶುರುವಾಗುವ ಮುಂಚೆ ಒಪ್ಪಿಕೊಂಡರೆ ಸುಲಭ. ಅಣೆಕಟ್ಟು ಬರಿದಾದ ಮೇಲೆ ಕೂತರೆ ಪ್ರತಿಯೊಬ್ಬರೂ ತಮಗೆ ಲಾಭವಾಗುವ ನಿಯಮವನ್ನೇ ನ್ಯಾಯ ಅನ್ನುತ್ತಾರೆ.

ನಮ್ಮ ಕೆರೆಗಳಲ್ಲಿ ನೀರಗಂಟಿ ಈ ಕೆಲಸ ಮಾಡುತ್ತಿದ್ದ. ತೂಬು ಎತ್ತುವುದು, ಗದ್ದೆಗೆ ಪಾಳಿ ಪ್ರಕಾರ ನೀರು ಬಿಡುವುದು, ಕಾಲುವೆಯ ಕೊನೆಯವರಿಗೂ ತಲುಪಿಸುವುದು ಅವನ ಹೊಣೆ. ರೈತ ತಾನೇ ಗದ್ದೆಗೆ ನೀರು ತಿರುಗಿಸಿಕೊಳ್ಳುವ ಹಾಗಿರಲಿಲ್ಲ. ಹಂಚುವವನು ಬೇರೆ, ಬಳಸುವವನು ಬೇರೆ. ಇವತ್ತಿನ ಅಲ್ಗಾರಿದಮ್‌ಗಳಿಗೂ ನಾನು ಬಯಸುವುದು ಈ ಗುಣವನ್ನೇ.

ಮತದಾನದಲ್ಲಿ ಏನು ಕಷ್ಟ? ಜಾಸ್ತಿ ಮತ ಬಂದದ್ದು ಗೆದ್ದಿತು.

ಮೂರು ಮನೆಯವರು ಸೇರಿ ಪ್ರವಾಸ ಹೊರಟಿದ್ದಾರೆ. ಒಬ್ಬರಿಗೆ ಜೋಗ, ಅದಿಲ್ಲದಿದ್ದರೆ ಹಂಪಿ, ಕೊನೆಗೆ ಮಡಿಕೇರಿ. ಇನ್ನೊಬ್ಬರಿಗೆ ಹಂಪಿ, ಮಡಿಕೇರಿ, ಜೋಗ. ಮತ್ತೊಬ್ಬರಿಗೆ ಮಡಿಕೇರಿ, ಜೋಗ, ಹಂಪಿ. ಜೋಗವೋ ಹಂಪಿಯೋ ಅಂದರೆ ಇಬ್ಬರು ಜೋಗ ಅನ್ನುತ್ತಾರೆ. ಹಂಪಿಯೋ ಮಡಿಕೇರಿಯೋ ಅಂದರೆ ಇಬ್ಬರು ಹಂಪಿ. ಮಡಿಕೇರಿಯೋ ಜೋಗವೋ ಅಂದರೆ ಇಬ್ಬರು ಮಡಿಕೇರಿ! ಬಹುಮತ ಸುತ್ತು ಹೊಡೆಯುತ್ತಿದೆ. ಫ್ರಾನ್ಸಿನ ಕಾಂಡೋರ್ಸೆ ಇದನ್ನು 1785ರಲ್ಲಿ ಬರೆದರು. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ನಾವು ಬಯಸುವ ಕೆಲವು ಸಾಮಾನ್ಯ ಗುಣಗಳೆಲ್ಲ ಒಟ್ಟಿಗೆ ಇರುವ ಪದ್ಧತಿಯೇ ಇಲ್ಲ ಎಂದು 1951ರಲ್ಲಿ ಕೆನೆತ್ ಆ್ಯರೋ ತೋರಿಸಿದರು.

ಒಬ್ಬರನ್ನು ಆರಿಸುವ ಬದಲು ಹಲವು ಕೆಲಸ ಆರಿಸುವಾಗ ಇನ್ನೊಂದು ತೊಂದರೆ. ಬಡಾವಣೆಯಲ್ಲಿ 100 ಜನ, 10 ಲಕ್ಷ ರೂಪಾಯಿ, ಒಂದೊಂದು ಕೆಲಸಕ್ಕೆ 1 ಲಕ್ಷ ಅನ್ನಿ. 60 ಜನ ಮೇಲಿನ ಬೀದಿಯವರು, 40 ಜನ ಕೆಳಗಿನ ಬೀದಿಯವರು. ಮತ ಎಣಿಸಿದರೆ ಹತ್ತಕ್ಕೆ ಹತ್ತೂ ಮೇಲಿನ ಬೀದಿಗೆ. ಇದನ್ನು ತಪ್ಪಿಸೋಕೆ ಪ್ರತಿಯೊಬ್ಬರಿಗೂ 10,000 ರೂಪಾಯಿಯ ಹಕ್ಕು ಕೊಡಿ. ಒಂದು ಕೆಲಸ ಆಗಬೇಕಾದರೆ ಅದನ್ನು ಬಯಸಿದವರೇ ತಮ್ಮ ಪಾಲಿನಿಂದ ಖರ್ಚು ತುಂಬಬೇಕು. ಆಗ ಮೇಲಿನ ಬೀದಿಗೆ 6, ಕೆಳಗಿನ ಬೀದಿಗೆ 4 ಕೆಲಸ. ಡೊಮಿನಿಕ್ ಪೀಟರ್ಸ್ ಮತ್ತು ಪಿಯೊತ್ರ್ ಸ್ಕೋವ್ರೋನ್ ರೂಪಿಸಿದ ಈ ಸಮಪಾಲು ವಿಧಾನವನ್ನು 2023ರಲ್ಲಿ ಪೋಲೆಂಡಿನ ವಿಯೆಲಿಚ್ಕಾ ಮತ್ತು ಸ್ವಿಟ್ಜರ್ಲೆಂಡಿನ ಆರಾವ್ ಪಟ್ಟಣಗಳು ಬಳಸಿದವು. ನಮ್ಮ ವಾರ್ಡುಗಳಲ್ಲೂ ಇದನ್ನು ಪ್ರಯತ್ನಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಕಂಪ್ಯೂಟರ್ ಹಂಚಿದ್ದು ಅಂದಮೇಲೆ ಅದು ನ್ಯಾಯವೇ ತಾನೇ?

ಅಲ್ಲ. ಕಂಪ್ಯೂಟರ್ ತನಗೆ ಹೇಳಿದ ನಿಯಮವನ್ನು ನಡೆಸುತ್ತದೆ, ಅಷ್ಟೇ. ಯಾವುದೇ ಹಂಚಿಕೆ ಕಂಡಾಗ ಕೇಳಿ: ನಿಯಮವನ್ನು ಅರ್ಜಿ ಹಾಕುವ ಮುಂಚೆಯೇ ಪ್ರಕಟಿಸಿದ್ದರಾ? ನಿಜ ಹೇಳಿದವರಿಗೆ ಅದರಿಂದ ನಷ್ಟ ಆಗುತ್ತಾ? ಸಿಗದವರು "ನನಗೆ ಯಾಕೆ ಸಿಗಲಿಲ್ಲ" ಎಂದು ಕೇಳಿದರೆ ಅವರ ಭಾಷೆಯಲ್ಲಿ ಉತ್ತರ ಕೊಡೋಕಾಗುತ್ತಾ? ಮೂರನೆಯದನ್ನು ನಮ್ಮ ಸಂಶೋಧಕರೇ ಅನೇಕ ಸಲ ಮರೆಯುತ್ತಾರೆ. ವಿವರಿಸೋಕಾಗದ ಚೆನ್ನಾದ ವಿಧಾನಕ್ಕಿಂತ, ಎಲ್ಲರಿಗೂ ಅರ್ಥವಾಗುವ ಸ್ವಲ್ಪ ಕಡಿಮೆ ವಿಧಾನವನ್ನೇ ನಾನು ಆರಿಸುತ್ತೇನೆ.

ನಾನು ಪಿಯು ಓದುತ್ತಿದ್ದೇನೆ. ಈ ವಿಷಯಕ್ಕೆ ಬರಬೇಕಾದರೆ?

ಗಣಿತ ಬಿಡಬೇಡಿ, ಅದರಲ್ಲೂ ಎಣಿಕೆ ಮತ್ತು ಸಂಭವನೀಯತೆ. ಆಮೇಲೆ ಕಂಪ್ಯೂಟರ್ ವಿಜ್ಞಾನದಿಂದಲೂ ಬರಬಹುದು, ಅರ್ಥಶಾಸ್ತ್ರದಿಂದಲೂ ಬರಬಹುದು. ಅಷ್ಟರವರೆಗೆ ಕಾಯಬೇಕಾಗಿಲ್ಲ. ನಿಮ್ಮ ಊರಿನಲ್ಲಿ ಏನನ್ನಾದರೂ ಹಂಚುವ ಒಂದು ನಿಯಮ ಹುಡುಕಿ. ಹಾಸ್ಟೆಲ್ ಕೋಣೆ, ಟ್ಯಾಂಕರ್ ನೀರು, ಸಂತೆಯಲ್ಲಿ ಅಂಗಡಿ ಜಾಗ, ಯಾವುದಾದರೂ ಸರಿ. ಹಂಚುವವರ ಜೊತೆ ಅರ್ಧ ದಿನ ಕೂತು ಅವರು ಹೇಳುವ ನಿಯಮವನ್ನು ಒಂದೊಂದೇ ಸಾಲಾಗಿ ಬರೆದುಕೊಳ್ಳಿ. ಆಮೇಲೆ ಕಡಿಮೆ ಪಾಲು ಬಂದವರ ಹತ್ತಿರ ಹೋಗಿ ಅದನ್ನು ಓದಿ ಹೇಳಿ. "ಹಾಗಲ್ಲ ಅದು ನಡೆಯೋದು" ಎಂದು ಅವರು ಯಾವ ಸಾಲಿನಲ್ಲಿ ತಡೆಯುತ್ತಾರೋ, ಆ ಸಾಲಿನ ಕೆಳಗೆ ಗೆರೆ ಎಳೆಯಿರಿ. ಅಲ್ಲಿಂದ ಶುರು ಮಾಡಿ.